ನದಿ ಪಾರ್ಕಿನಲ್ಲಿ ಹಕ್ಕಿ ನೋಡಬೇಕಾ? ಮೊದಲು ಕೂತುಕೊಳ್ಳಿ

ಶನಿವಾರ, ಭಾನುವಾರ ನದಿ ದಂಡೆಯ ಪಾರ್ಕಿಗೆ ಹಕ್ಕಿ ನೋಡಲು ಹೋಗುವವರಿಗೆ ಒಂದು ಮಾತು. ಜಾಸ್ತಿ ನಡೆಯಬೇಡಿ. ಬೆಳಿಗ್ಗೆ ಬೇಗ ಹೋಗಿ, ಒಳ್ಳೆಯ ಜಾಗ ಹಿಡಿದು 20 ನಿಮಿಷ ಸುಮ್ನೆ ಕೂತುಬಿಡಿ. ನಿಮ್ಮನ್ನು ಕಂಡು ಹಾರಿದ ಹಕ್ಕಿಗಳು ನಿಧಾನಕ್ಕೆ ವಾಪಸ್ ಬರುತ್ತವೆ.

ಎಂಥ ಜಾಗ? ನೀರಿನ ಮೇಲೆ ಬಾಗಿದ ಕೊಂಬೆ ಎದುರಿಗಿರಬೇಕು, ಸೂರ್ಯ ಬೆನ್ನಿಗಿರಬೇಕು. ಬಿಸಿಲು ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತದೆ ಅಲ್ವಾ? ಕೊಂಬೆಯ ಕೆಳಗೆ ಬಿಳಿ ಹಿಕ್ಕೆ ಕಂಡರೆ ಆ ಜಾಗ ಬಿಡಬೇಡಿ. ಮಿಂಚುಳ್ಳಿ ದಿನಾ ಅಲ್ಲೇ ಬಂದು ಕೂರುತ್ತಿರಬಹುದು. ಹಿಡಿದ ಮೀನನ್ನು ಕೊಂಬೆಗೆ ಟಪ್ ಟಪ್ ಎಂದು ಬಡಿದು, ತಲೆಯ ಕಡೆಯಿಂದ ನುಂಗುತ್ತದೆ. ಮೀನಿನ ತಲೆ ಕೊಕ್ಕಿನಿಂದ ಹೊರಕ್ಕೆ ಚಾಚಿದ್ದರೆ ಸಾಮಾನ್ಯವಾಗಿ ಅದು ಜೋಡಿಗೋ ಮರಿಗೋ ಒಯ್ಯುವ ತುತ್ತು. ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಮರೆಯುವುದಿಲ್ಲ.

ಬೈನಾಕ್ಯುಲರ್ 8×42 ಸಾಕು. ಅಂದರೆ 8 ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಇನ್ನೂ ಹತ್ತಿರ ತೋರಿಸುವುದನ್ನು ಕೊಂಡರೆ ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಹಕ್ಕಿಯ ಮೇಲಿಂದ ಕಣ್ಣು ತೆಗೆಯದೆ ಬೈನಾಕ್ಯುಲರ್ ಎತ್ತುವುದನ್ನು ರೂಢಿ ಮಾಡಿಕೊಳ್ಳಿ.

ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಉಚಿತ, ಬಳಸಿ. ಆದರೆ ದಯವಿಟ್ಟು ಫೋನಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯಬೇಡಿ. ಬೇರೆ ಹಕ್ಕಿ ತನ್ನ ಜಾಗಕ್ಕೆ ನುಗ್ಗಿದೆ ಎಂದುಕೊಂಡು ಅದು ಗೂಡನ್ನೇ ಬಿಟ್ಟು ಓಡಿ ಬರಬಹುದು. ಬಾತುಗಳಿಗೆ ಬ್ರೆಡ್ ಕೂಡ ಹಾಕಬೇಡಿ.