ಓರೆ ಬಿಸಿಲಲ್ಲಿ ಒಂದು ಮುಖ: ಚಳಿಗಾಲದ ಪಾರ್ಕಿನಲ್ಲಿ ಪೋರ್ಟ್ರೇಟ್ ತೆಗೆಯುವುದು ಹೀಗೆ

ಚಳಿಗಾಲದಲ್ಲಿ ಪಾರ್ಕಿಗೆ ಹೋಗಿ ಫೋಟೊ ತೆಗೆಯೋಣ ಅಂದರೆ, ಹೂವಿಲ್ಲ, ಎಲೆಯೆಲ್ಲ ಉದುರಿದೆ, ಅಲ್ಲೇನಿದೆ ಅನ್ನುವವರೇ ಜಾಸ್ತಿ. ಬೆಳಕಿದೆ ಅಲ್ವಾ! ಸೂರ್ಯ ಈಗ ಬೇಸಿಗೆಯಷ್ಟು ನೆತ್ತಿಗೆ ಏರುವುದಿಲ್ಲ, ಓರೆಯಾಗಿಯೇ ಸಾಗುತ್ತಾನೆ. ಹಾಗಾಗಿ ಕಣ್ಣಿನ ಕೆಳಗೆ ಬೀಳುವ ಕಪ್ಪು ನೆರಳಿನ ಕಾಟ ಕಡಿಮೆ.

ಮೊದಲು ನೀವೊಬ್ಬರೇ ಒಂದು ಸುತ್ತು ಹಾಕಿ ಜಾಗ ಗುರುತಿಸಿಕೊಳ್ಳಿ. ಅನುಮತಿ ಬೇಕಾ ಅಂತಲೂ ವಿಚಾರಿಸಿ. ಸುಮ್ನೆ ಕೈಯಲ್ಲಿ ಕ್ಯಾಮೆರಾ ಹಿಡಿದಿದ್ದರೆ ಏನೂ ಅನ್ನದವರು ಟ್ರೈಪಾಡ್ ಬಿಡಿಸಿದ ಕೂಡಲೇ ಓಡಿ ಬರುವುದುಂಟು.

ಆಮೇಲೆ, ಯಾರ ಫೋಟೊ ತೆಗೆಯುತ್ತೀರೋ ಅವರನ್ನು ಬಿಸಿಲು ಬೆನ್ನಿಗೆ ಬೀಳುವ ಹಾಗೆ ನಿಲ್ಲಿಸಿ. ಕೂದಲಂಚು ಹೊಳೆಯುತ್ತದೆ, ಕಣ್ಣು ಕಿರಿದಾಗುವುದಿಲ್ಲ. ಮುಖ ಕಪ್ಪಾಯಿತು ಅಂತ ಫ್ಲ್ಯಾಶ್‌ಗೆ ಕೈ ಹಾಕಬೇಡಿ, ಎದೆಯ ಮಟ್ಟದಲ್ಲಿ ಒಂದು ಬಿಳಿ ರಟ್ಟು ಹಿಡಿದರೆ ಬೆಳಕು ಅದರಿಂದ ಪುಟಿದು ಮುಖಕ್ಕೆ ಬರುತ್ತದೆ, ಸಾಲದಿದ್ದರೆ ಕ್ಯಾಮೆರಾದಲ್ಲಿ ಎಕ್ಸ್‌ಪೋಶರ್ (ಫೋಟೊ ಎಷ್ಟು ಬೆಳ್ಳಗೆ ಬರಬೇಕು ಅನ್ನುವ ಸೆಟಿಂಗ್) +1 ಮಾಡಿ. ಮಂಜು ಕವಿದಾಗಲೂ ಅಷ್ಟೇ. ಎಲ್ಲವೂ ಬೆಳ್ಳಗಿರುವುದನ್ನು ಕಂಡು ಕ್ಯಾಮೆರಾ ತಾನಾಗಿ ಫೋಟೊವನ್ನು ಕಪ್ಪಗೆ ಮಾಡಿಬಿಡುತ್ತದೆ.

ಬೋಳು ಕೊಂಬೆಗಳ ಮೇಲೆ ಒಂದು ಕಣ್ಣಿರಲಿ. ಸ್ವಲ್ಪ ಯಾಮಾರಿದರೆ ತಲೆಗೆ ಕೊಂಬು ಮೂಡಿದ ಹಾಗೆ ಕಾಣುತ್ತವೆ! ಮರಕ್ಕೂ ಅವರಿಗೂ ಐದಾರು ಮೀಟರ್ ಅಂತರ ಬಿಟ್ಟು, 85 ಎಂಎಂ ಲೆನ್ಸ್‌ನಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/2ಕ್ಕೆ ಅಗಲವಾಗಿ ತೆರೆದಿಟ್ಟು ತೆಗೆದರೆ ಅದೇ ಕೊಂಬೆಗಳು ಮೆತ್ತಗೆ ಕರಗುತ್ತವೆ. 50 ಎಂಎಂ ಇದ್ದರೂ ನಡೆಯುತ್ತದೆ. ಫೋಕಸ್ ಹತ್ತಿರದ ಕಣ್ಣಿಗೆ, ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನ ಮಾಡಬೇಡಿ, ನಡುಗುವವರು ಅವರು ಮಾತ್ರ ಅಲ್ಲ, ನಿಮ್ಮ ಕೈಯೂ ನಡುಗುತ್ತಿರುತ್ತದೆ.

ನಿಜವಾದ ಕಷ್ಟ ಚಳಿಯದ್ದೇ. ಒಮ್ಮೆ ನಾನು ಲೆನ್ಸ್ ಬದಲಿಸುತ್ತಾ, ಸೆಟಿಂಗ್ ನೋಡುತ್ತಾ, ಗೆಳತಿಯೊಬ್ಬಳನ್ನು ಶಾಲಿಲ್ಲದೆ ಕಾಲು ಗಂಟೆ ನಿಲ್ಲಿಸಿದ್ದೆ. ಆ ದಿನದ ಒಂದೊಂದು ಫೋಟೊದಲ್ಲೂ ಅವಳ ಭುಜ ಕಿವಿಯ ಹತ್ತಿರ, ಮೂಗು ಕೆಂಪು. ಈಗ ಸೆಟಿಂಗ್ ಎಲ್ಲ ಮೊದಲೇ ಮುಗಿಸಿ, ಕೊನೇ ಗಳಿಗೆಯಲ್ಲಿ ಜಾಕೆಟ್ ತೆಗೆಸುತ್ತೇನೆ, ಹತ್ತು ಫೋಟೊ ಆದ ಮೇಲೆ ಮತ್ತೆ ಹೊದಿಸುತ್ತೇನೆ. ಜಾಕೆಟ್ ಹಾಕಿಕೊಂಡು ಬೆಚ್ಚಗಾಗುವಾಗ ಬರುವ ನಗು ಇದೆಯಲ್ಲ, ಅದನ್ನು ಬಿಡಬೇಡಿ.

ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಡಿ. ತುಂಬಾ ಚಳಿಯಿಂದ ಬಿಸಿ ಕೋಣೆಗೆ ಬಂದರೆ ಲೆನ್ಸ್ ಮೇಲೆ ನೀರು ಕಟ್ಟುತ್ತದೆ. ಹಾಗಾಗಿ ಹೊರಗಿರುವಾಗಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಒಂದೆರಡು ಗಂಟೆ ತೆರೆಯಬೇಡಿ. ಮೆಮೊರಿ ಕಾರ್ಡ್ ಮಾತ್ರ ಮೊದಲೇ ತೆಗೆದಿಟ್ಟುಕೊಳ್ಳಿ, ಅಷ್ಟು ಹೊತ್ತು ಫೋಟೊ ನೋಡದೆ ಇರಲು ನಿಮ್ಮಿಂದ ಆಗುವುದಿಲ್ಲ.