ಮೊದಲ ನೂರು ಪುಟ, ಎರಡು ಸಲ

ದಪ್ಪ ಫ್ಯಾಂಟಸಿ ಕಾದಂಬರಿ ಕೈಗೆ ಬಂದರೆ 100 ಪುಟ ಓದುತ್ತೇನೆ. ಮುಚ್ಚಿಡುತ್ತೇನೆ. ಒಂಬತ್ತು-ಹತ್ತು ದಿನ ಅದನ್ನು ಮುಟ್ಟುವುದಿಲ್ಲ. ಆಮೇಲೆ ಮತ್ತೆ ಮೊದಲ ಪುಟದಿಂದಲೇ ಶುರು. ಇಷ್ಟೇ ನನ್ನ ಪದ್ಧತಿ.

ಇದನ್ನು ಹೇಳಿದಾಗ ನಕ್ಕವರೇ ಜಾಸ್ತಿ. "ಅಕ್ಕ, ಇದು ಅರ್ಧ ದಾರೀಲಿ ಇಳಿದು, ವಾಪಸ್ ನಡ್ಕೊಂಡು ಬಂದು, ಅದೇ ಬಸ್ಸು ಹತ್ತಿದ ಹಾಗೆ" ಅಂದ ನನ್ನ ತಮ್ಮ. ಅವನೂ ನನ್ನ ಹಾಗೆ ಫ್ಯಾಂಟಸಿ ಹುಚ್ಚಿನ ಓದುಗನೇ, ಹಾಗಾಗಿ ಮಾತು ಸ್ವಲ್ಪ ಚುಚ್ಚಿತು. ಈಗ ಒಂದೂವರೆ ವರ್ಷ ಆಯ್ತು. ನೆನಪಿನಿಂದ ಹೇಳುವುದಾದರೆ 26 ಅಥವಾ 27 ಕಾದಂಬರಿ ಮುಗಿಸಿದ್ದೇನೆ. ಅದಕ್ಕೂ ಹಿಂದಿನ ಮೂರು ವರ್ಷದಲ್ಲಿ ಮುಗಿಸಿದ್ದು ಬರೀ ಐದು. ತಮ್ಮ ಈಗ ನಗುತ್ತಿಲ್ಲ.

ಇದು ಯೋಚನೆ ಮಾಡಿ ಕಂಡುಹಿಡಿದ ಪದ್ಧತಿ ಅಲ್ಲ. ಸ್ಟೀವನ್ ಎರಿಕ್ಸನ್ ಬರೆದ 'ಗಾರ್ಡನ್ಸ್ ಆಫ್ ದಿ ಮೂನ್' (1999) ನನ್ನನ್ನು ಮೂರು ಸಲ ಸೋಲಿಸಿತ್ತು. ಗೊತ್ತಿರುವವರಿಗೆ ಗೊತ್ತು, ಆ ಮನುಷ್ಯ ಯಾವುದನ್ನೂ ಬಿಡಿಸಿ ಹೇಳುವುದಿಲ್ಲ. ನಡೆಯುತ್ತಿರುವ ಜಗಳದ ಮಧ್ಯೆ ನಮ್ಮನ್ನು ತಳ್ಳಿ ಹೋಗಿಬಿಡುತ್ತಾನೆ. ಮೊದಲ ಸಲ 60ನೇ ಪುಟಕ್ಕೆ ಬಿಟ್ಟೆ, ಎರಡನೇ ಸಲ 150ರ ಹತ್ತಿರ, ಮೂರನೇ ಸಲ ಎಲ್ಲಿ ಅಂತ ನೆನಪಿಲ್ಲ. ನಾಲ್ಕನೇ ಸಲ 100 ದಾಟಿದ್ದೆ ಅಷ್ಟೇ, ಕಣ್ಣು ಬೇನೆ ಬಂತು. ಹತ್ತು ದಿನ ಓದುವ ಹಾಗಿರಲಿಲ್ಲ. ವಾಸಿಯಾದ ಮೇಲೆ ಎಲ್ಲಿದ್ದೆ ಅಂತ ಹುಡುಕಿದರೆ ತಲೆಬುಡ ತಿಳಿಯಲಿಲ್ಲ. ಸಿಟ್ಟು ಬಂದು ಮೊದಲಿಂದಲೇ ತೆಗೆದೆ.

ಪ್ರೊಲಾಗ್‌ನಲ್ಲಿ ಒಬ್ಬ ಹುಡುಗ ಕೋಟೆಯ ಗೋಡೆ ಮೇಲೆ ನಿಂತಿದ್ದಾನೆ. ಕೆಳಗೆ ಊರಿನ ಒಂದು ಭಾಗದಿಂದ ಹೊಗೆ ಏಳುತ್ತಿದೆ. ಪಕ್ಕದಲ್ಲಿ ಒಬ್ಬ ಹಳೇ ಸೈನಿಕ. ಸರ್ಲಿ ಅನ್ನುವವಳು ಈಗ ತನ್ನನ್ನು ಲಸೀನ್ ಅಂತ ಕರೆದುಕೊಳ್ಳುತ್ತಾಳೆ ಅನ್ನುವ ಮಾತು ಬರುತ್ತದೆ. ಮೂರು ಸಲವೂ ನಾನು ಆ ಸಾಲನ್ನು ಹಾರಿಕೊಂಡು ಹೋಗಿದ್ದೆ. ಯಾರೋ ಏನೋ ಹೆಸರು ಬದಲಾಯಿಸಿಕೊಂಡರೆ ನನಗೇನು? ಈ ಸಲ ಮೈ ಜುಂ ಅಂದಿತು. ಯಾಕೆ ಅಂದರೆ 100 ಪುಟ ದಾಟಿದವಳಿಗೆ ಆ ಲಸೀನ್ ಎಲ್ಲಿ ಕೂತಿದ್ದಾಳೆ, ಅಲ್ಲಿಗೆ ಹೇಗೆ ಬಂದಳು ಅಂತ ಗೊತ್ತು. ಹುಡುಗ ಮತ್ತು ಸೈನಿಕ ಸುಮ್ನೆ ಹರಟುತ್ತಿಲ್ಲ. ಅವರ ಕಣ್ಣೆದುರೇ ಒಂದು ಸಾಮ್ರಾಜ್ಯ ಕೈ ಬದಲಾಯಿಸುತ್ತಿದೆ. ಸೈನಿಕನಾಗುತ್ತೇನೆ ಅನ್ನುವ ಹುಡುಗನ ಹಟಕ್ಕೆ ಆಗ ಬೇರೆಯೇ ಭಾರ ಬಂತು. ಅದಾದ ಮೇಲೆ ಪುಸ್ತಕ ನಿಲ್ಲಲಿಲ್ಲ. ಎರಡು ವಾರದಲ್ಲಿ ಮುಗೀತು. ಹತ್ತು ಸಂಪುಟಗಳ ಸೀರೀಸ್ ಅದು, 2011ರಲ್ಲಿ ಮುಗಿದಿದೆ. ನಾನೀಗ ಆರನೆಯದರಲ್ಲಿದ್ದೇನೆ.

ಹತ್ತು ದಿನವೇ ಯಾಕೆ ಅಂತ ಕೇಳಬಹುದು. ಬೇರೆ ಬೇರೆ ಲೆಕ್ಕ ಹಾಕಿ ನೋಡಿ, ಏಟು ತಿಂದ ಮೇಲೆ ಗೊತ್ತಾಗಿದ್ದು ಇದು. ಮರುದಿನವೇ ಮೊದಲಿಂದ ಶುರು ಮಾಡಿದರೆ ಆಕಳಿಕೆ ಬರುತ್ತದೆ. ಪ್ರತಿ ಸಾಲೂ ಬಾಯಿಪಾಠ. ಒಂದು ತಿಂಗಳು ಬಿಟ್ಟರೆ ಮುಖಗಳೇ ಮರೆತು, ಮತ್ತೆ ಹೊಸದಾಗಿ ಓದಿದ ಹಾಗೆ. ಹೆಸರು ಮರೆತಿರಬೇಕು, ಮುಖ ನೆನಪಿರಬೇಕು. ಆ ಹದ ನನಗೆ ಒಂಬತ್ತು-ಹತ್ತು ದಿನಕ್ಕೆ ಬರುತ್ತದೆ. ನಿಮಗೆ ಏಳೇ ಇರಬಹುದು. ಆ ದಿನಗಳಲ್ಲಿ ಏನು ಓದಬೇಕು ಅನ್ನುವುದರಲ್ಲೂ ಒಂದು ಗುಟ್ಟಿದೆ. ಅದನ್ನು ಮಾತ್ರ ಈಗ ಹೇಳುವುದಿಲ್ಲ, ತಮ್ಮನಿಗೂ ಹೇಳಿಲ್ಲ. ಏನು ಓದಬಾರದು ಅಂತ ಬೇಕಾದರೆ ಹೇಳುತ್ತೇನೆ: ಇನ್ನೊಂದು ಫ್ಯಾಂಟಸಿ.

ಇದನ್ನು ಕಲಿತಿದ್ದು ಬ್ರ್ಯಾಂಡನ್ ಸ್ಯಾಂಡರ್‌ಸನ್‌ರ 'ಮಿಸ್ಟ್‌ಬಾರ್ನ್' (2006) ಮತ್ತು ಎನ್. ಕೆ. ಜೆಮಿಸಿನ್‌ರ 'ದಿ ಫಿಫ್ತ್ ಸೀಸನ್' (2015) ಎರಡನ್ನೂ ಒಟ್ಟಿಗೆ ಹಿಡಿದಾಗ. ಒಂದು ಬಿಟ್ಟಿರುವ ಹತ್ತು ದಿನದಲ್ಲಿ ಇನ್ನೊಂದು ಓದಿದರೆ ಸಮಯ ಉಳಿಯುತ್ತದೆ ಅಂತ ನನ್ನ ಜಾಣತನ. ಎರಡರಲ್ಲೂ ಆಕಾಶದಿಂದ ಬೂದಿ ಬೀಳುತ್ತದೆ! ಎರಡರಲ್ಲೂ ಶಕ್ತಿ ಇರುವವರನ್ನು ಕಂಡರೆ ಅಧಿಕಾರದಲ್ಲಿ ಇರುವವರಿಗೆ ಆಗುವುದಿಲ್ಲ. ಎರಡನೇ ವಾರದಲ್ಲಿ ನನ್ನ ತಲೆಯೊಳಗೆ ಒಂದರ ಹುಡುಗಿ ಇನ್ನೊಂದರ ಭೂಕಂಪದಲ್ಲಿ ಓಡುತ್ತಿದ್ದಳು. ಎರಡನ್ನೂ ಮುಚ್ಚಿಟ್ಟೆ. ಸುಮಾರು ಎರಡು ತಿಂಗಳು ಹಾಳು.

ಆಮೇಲೆ ಬೇರೆ ಬೇರೆಯಾಗಿ ಓದಿದೆ. ಎರಡನೇ ಶುರು ಬರೀ ಅರ್ಥ ಮಾಡಿಕೊಳ್ಳುವುದಕ್ಕಲ್ಲ, ಪುಸ್ತಕವನ್ನು ತೂಗುವುದಕ್ಕೂ ಆಗುತ್ತದೆ ಅಂತ ಆಗ ತಿಳಿಯಿತು. 'ಮಿಸ್ಟ್‌ಬಾರ್ನ್' ಮೊದಲ ಸಲ ಬಹಳ ಹಿಡಿಸಿತ್ತು. ಅಲ್ಲಿನ ಮಾಂತ್ರಿಕರು ಲೋಹ ನುಂಗಬೇಕು, ಹೊಟ್ಟೆಯಲ್ಲಿ ಅದನ್ನು ಉರಿಸಬೇಕು. ತವರ ಉರಿಸಿದರೆ ಕಣ್ಣು-ಕಿವಿ ಚುರುಕು, ಉಕ್ಕು ಉರಿಸಿದರೆ ಲೋಹದ ವಸ್ತುಗಳನ್ನು ದೂರ ತಳ್ಳಬಹುದು. ನಿಯಮ ಎಲ್ಲ ಕನ್ನಡಿಯ ಹಾಗೆ ಸ್ಪಷ್ಟ. ಎರಡನೇ ಸಲ ಅದೇ ತೊಂದರೆ ಆಯ್ತು. ಎಲ್ಲವನ್ನೂ ಮೊದಲೇ ಅಷ್ಟು ಚೆನ್ನಾಗಿ ಹೇಳಿಬಿಟ್ಟಿದ್ದಾರೆ, ಹೊಸದಾಗಿ ಕಾಣುವುದಕ್ಕೆ ಏನೂ ಉಳಿದಿಲ್ಲ. ಓಡಿಸಿಕೊಂಡು ಹೋಗುವ ಕಥೆ, ಇಲ್ಲ ಅನ್ನುವುದಿಲ್ಲ. ಆದರೆ ಬಿಡಿಸಿಟ್ಟ ಲೆಕ್ಕವನ್ನು ಮತ್ತೊಮ್ಮೆ ಬಿಡಿಸಿದ ಹಾಗಿತ್ತು. ತಮ್ಮ ಈ ಮಾತಿಗೆ ಇವತ್ತಿಗೂ ಜಗಳಕ್ಕೆ ಬರುತ್ತಾನೆ.

ಜೆಮಿಸಿನ್ ಕಥೆ ಪೂರ್ತಿ ಉಲ್ಟಾ. 'ದಿ ಫಿಫ್ತ್ ಸೀಸನ್' ಸೇರಿ ಆ ಟ್ರಿಲಜಿಯ ಮೂರೂ ಪುಸ್ತಕಕ್ಕೆ 2016, 17, 18ರಲ್ಲಿ ಸಾಲಾಗಿ ಹ್ಯೂಗೋ ಬಂತು, ವೈಜ್ಞಾನಿಕ ಕಥೆ-ಫ್ಯಾಂಟಸಿಗೆ ಕೊಡುವ ದೊಡ್ಡ ಪ್ರಶಸ್ತಿ ಅದು. ಪ್ರಶಸ್ತಿ ನೋಡಿ ಪುಸ್ತಕ ಕೊಳ್ಳುವವಳಲ್ಲ ನಾನು, ಆದರೂ ಇದಕ್ಕೆ ಬರಬೇಕಿತ್ತು. ಮೂರು ಹೆಂಗಸರ ಕಥೆಯಲ್ಲಿ ಒಬ್ಬಳದು ಪೂರ್ತಿ ಮಧ್ಯಮ ಪುರುಷದಲ್ಲಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ "ಯೂ" ಅನ್ನುವ ಒಂದೇ ಪದ. ನನ್ನ ತಲೆ ಓದುವಾಗ ಕನ್ನಡದಲ್ಲಿ ಗುನುಗುತ್ತಿರುತ್ತದಲ್ಲ, ಅಲ್ಲಿ ಒಂದು ಆಯ್ಕೆ ಮಾಡಲೇಬೇಕು. ಮೊದಲ ಸಲ ಅದು "ನೀವು" ಅಂತ ಕೇಳಿಸಿತ್ತು. ಯಾರೋ ಅಪರಿಚಿತರು ದೂರ ನಿಂತು ವರದಿ ಒಪ್ಪಿಸಿದ ಹಾಗೆ. ಎರಡನೇ ಸಲ ತಾನಾಗಿಯೇ "ನೀನು" ಆಯ್ತು. ಮಗನ ಹೆಣದ ಪಕ್ಕ ಕೂತಿರುವ ತಾಯಿಗೆ ಈ ದನಿ ಇಷ್ಟು ಹತ್ತಿರದಿಂದ ಮಾತಾಡುತ್ತಿದೆ ಅಂದರೆ, ಹೇಳುತ್ತಿರುವವರಿಗೂ ಅವಳಿಗೂ ಸಲುಗೆ ಇರಲೇಬೇಕು. ಯಾರು, ಏನು ಅಂತ ಓದದವರಿಗೆ ಹೇಳುವುದಿಲ್ಲ. ನನ್ನ ಊಹೆ ಮುಕ್ಕಾಲು ಪಾಲು ಸರಿಯಾಗಿತ್ತು ಅಂತ ಮಾತ್ರ ಹೇಳಿಕೊಳ್ಳುತ್ತೇನೆ.

ಇನ್ನು ದುಡ್ಡಿನ ಮಾತು. ನನ್ನ ದೊಡ್ಡ ಪೆಟ್ಟು ರಾಬರ್ಟ್ ಜೋರ್ಡನ್ ಶುರು ಮಾಡಿದ 'ದಿ ವೀಲ್ ಆಫ್ ಟೈಮ್' ಸೀರೀಸ್. 14 ಸಂಪುಟವನ್ನೂ ಒಂದೇ ಸಲ ಕೊಂಡೆ. ಸೆಟ್ ತೆಗೆದುಕೊಂಡರೆ ಅಗ್ಗ ಅಂತ ಮಾರುವವರು ಹೇಳಿದರು, ನಾನು ಕುಣಿದೆ. ಬಂದಾಗ ಎರಡರ ಅಳತೆಯೇ ಬೇರೆ, ಶೆಲ್ಫಿನಲ್ಲಿ ಹಲ್ಲು ಮುರಿದ ಹಾಗೆ ಕಾಣುತ್ತಿತ್ತು. ಇನ್ನೊಂದರಲ್ಲಿ 32 ಪುಟ ಎರಡು ಸಲ ಕಟ್ಟಿದ್ದರು, ಅಲ್ಲಿ ಇರಬೇಕಾದ 32 ಪುಟ ಇರಲೇ ಇಲ್ಲ. ವಾಪಸ್ ತೆಗೆದುಕೊಳ್ಳುವ ಗಡುವು ಮುಗಿದಿದೆ ಅಂದರು. ಏಳನೇ ಸಂಪುಟದ ನಡುವಿನ ಪುಟ ಇಲ್ಲ ಅನ್ನುವುದು ಆರು ಸಂಪುಟ ಓದಿದ ಮೇಲಲ್ಲವೇ ಗೊತ್ತಾಗುವುದು?

ಅಲ್ಲಿ ನನ್ನ ಪದ್ಧತಿಯೂ ಕೈಕೊಟ್ಟಿತು. ಮೊದಲ ಪುಸ್ತಕ 'ದಿ ಐ ಆಫ್ ದಿ ವರ್ಲ್ಡ್' (1990) ಎರಡನೇ ಶುರುವಿನಲ್ಲಿ ಅರಳಿತು ನಿಜ. ಆದರೆ ಸೀರೀಸಿನ ನಡುಭಾಗದ ಕೆಸರಿಗೆ ಈ ಮದ್ದು ನಾಟುವುದಿಲ್ಲ. ಹತ್ತನೆಯದು 'ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್' (2003). ಒಂಬತ್ತನೆಯದರ ಕೊನೆಯಲ್ಲಿ ನಡೆದ ದೊಡ್ಡ ಘಟನೆಯನ್ನು ಇದರಲ್ಲಿ ಒಬ್ಬೊಬ್ಬರೂ ತಾವಿದ್ದ ಕಡೆಯಿಂದ ಅನುಭವಿಸುತ್ತಾ ನಿಲ್ಲುತ್ತಾರೆ. ಅದನ್ನು ಎರಡು ಸಲ ಶುರು ಮಾಡಿದ್ದು ನನ್ನ ಮೂರ್ಖತನ. ಅಲ್ಲಿಗೆ ನಿಂತೆ. ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಕೊನೆಯ ಮೂರನ್ನು ಸ್ಯಾಂಡರ್‌ಸನ್ ಬರೆದು ಮುಗಿಸಿದರು, ಅಲ್ಲಿ ಮತ್ತೆ ಓಟ ಸಿಗುತ್ತದೆ ಅಂತ ಓದಿದವರು ಹೇಳುತ್ತಾರೆ. ನನಗೆ ತಾಳ್ಮೆ ಇರಲಿಲ್ಲ. ಕೊಟ್ಟ ದುಡ್ಡಿನ ಕಾಲುಭಾಗಕ್ಕೆ ಸೆಟ್ ಮಾರಿದೆ. ಪುಟ ತಪ್ಪಿದೆ ಅಂತ ಹೇಳಿಯೇ ಮಾರಿದೆ, ಅದಕ್ಕೆ ಇನ್ನೂ ಸ್ವಲ್ಪ ಕಡಿಮೆ ಬಂತು.

ಆಮೇಲಿಂದ ಒಂದು ಮುಗಿಯುವವರೆಗೆ ಮುಂದಿನದನ್ನು ಕೊಳ್ಳುವುದಿಲ್ಲ. ಇ-ಪುಸ್ತಕದ ಪುಕ್ಕಟೆ ತುಣುಕು ಸಿಗುತ್ತದಲ್ಲ, ಸಾಮಾನ್ಯವಾಗಿ ಹತ್ತು ಪರ್ಸೆಂಟ್ ಹತ್ತಿರ ಇರುತ್ತದೆ. 800 ಪುಟದ ಪುಸ್ತಕ ಅಂದರೆ 80 ಪುಟ. ನನ್ನ ಮೊದಲ ಸುತ್ತಿಗೆ ಅಷ್ಟು ಸಾಕು! ಮೊದಲ ಸಲ ಪುಕ್ಕಟೆ ಓದಿ, ಹತ್ತು ದಿನ ಬಿಟ್ಟು, ಕಾಡಿದರೆ ಮಾತ್ರ ದುಡ್ಡು ಕೊಟ್ಟು ಎರಡನೇ ಸಲ ಶುರು ಮಾಡುತ್ತೇನೆ. ಹೀಗೆ ಕೊಳ್ಳದೆ ಬಿಟ್ಟವು ಹದಿನೈದಾದರೂ ಇರಬೇಕು. ಈ ಒಂದೂವರೆ ವರ್ಷದಲ್ಲಿ ಓದುವ ವೇಗ ಹತ್ತು ಪಟ್ಟು ಆಗಿ, ಖರ್ಚು ಅರ್ಧಕ್ಕೆ ಇಳಿದಿದೆ. ಮುಗಿಯದ ಸೀರೀಸ್‌ಗೂ ಕೈ ಹಾಕುವುದಿಲ್ಲ. ಪ್ಯಾಟ್ರಿಕ್ ರಾತ್‌ಫಸ್‌ರ 'ದಿ ನೇಮ್ ಆಫ್ ದಿ ವಿಂಡ್'ಗೆ ಮರುಳಾಗಿ ಕೆಟ್ಟವಳು ನಾನು. ಗದ್ಯ ಬಂಗಾರ, ಎರಡನೇ ಶುರುವಿನಲ್ಲಿ ಇನ್ನೂ ಬಂಗಾರ. ಎರಡನೇ ಪುಸ್ತಕ ಬಂದಿದ್ದು 2011ರಲ್ಲಿ, ಮೂರನೆಯದಕ್ಕೆ ಕಾಯುತ್ತಲೇ ಇದ್ದೇವೆ. ಅಂತೂ ಇಂತೂ ಕುಂತಿ ಮಕ್ಕಳಿಗೆ ರಾಜ್ಯವಿಲ್ಲ.

ನಡುವೆ ಒಂದಿಷ್ಟು ಮಂಗಾಟವನ್ನೂ ಮಾಡಿದ್ದೇನೆ. ಪುಸ್ತಕದ ಮುಂದಿರುವ ಮ್ಯಾಪನ್ನು ಕೈಯಲ್ಲಿ ಬಿಡಿಸಿದರೆ ಊರುಗಳು ನೆನಪಿರುತ್ತವೆ ಅಂದುಕೊಂಡಿದ್ದೆ. ಮೂರು ಸಂಜೆ ಹೋಯ್ತು, ಒಂದು ನದಿಯೂ ನೆನಪಿಲ್ಲ. ಆಡಿಯೋ ಬುಕ್ ಕೇಳುತ್ತಾ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದು ಮಾತ್ರ ಭರ್ಜರಿ ಕೆಲಸ ಮಾಡಿತು. ಇಂಗ್ಲಿಷ್ ಅಕ್ಷರದಲ್ಲಿ ಆ ಹೆಸರು ಬರೀ ಚಿತ್ರ. ಕಣ್ಣು ನೋಡಿ ಮುಂದೆ ಹೋಗುತ್ತದೆ, ಬಾಯಿಗೆ ಬರುವುದಿಲ್ಲ. 'ವೀಲ್ ಆಫ್ ಟೈಮ್'ನ ಒಬ್ಬಳನ್ನು ಎರಡು ಪುಸ್ತಕ ಪೂರ್ತಿ "ನಿನಾವೆ" ಅಂತ ಓದಿದ್ದೆ. ಅವಳು "ನೈನೀವ್". ಕನ್ನಡದಲ್ಲಿ ಬರೆದ ಮೇಲೆ ಅವಳಿಗೆ ಮೈ ಬಂತು, ಜಡೆ ಎಳೆದುಕೊಳ್ಳುವ ಸಿಟ್ಟೂ ಬಂತು. ಈಗ ನನ್ನ ನೋಟುಬುಕ್ಕಿನಲ್ಲಿ 400ರ ಹತ್ತಿರ ಹೆಸರುಗಳಿವೆ. ಪುಟವನ್ನು ಹೇಗೆ ಭಾಗ ಮಾಡಿದ್ದೇನೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಸಣ್ಣ ಪುಸ್ತಕಕ್ಕೆ ಈ ಗೋಜು ಬೇಡ ಅಂದುಕೊಂಡಿದ್ದೆ. ಉರ್ಸುಲಾ ಲೆ ಗ್ವಿನ್‌ರ 'ಎ ವಿಜರ್ಡ್ ಆಫ್ ಅರ್ಥ್‌ಸೀ' (1968) ಇನ್ನೂರು ಪುಟದ ಆಸುಪಾಸು. ಅಭ್ಯಾಸ ಬಲ, ಮುಗಿಸಿದ ಹತ್ತನೇ ದಿನ ಸುಮ್ನೆ ಮೊದಲ ಅಧ್ಯಾಯ ತೆರೆದೆ. ಹುಡುಗ ಚಿಕ್ಕಮ್ಮನ ಬಾಯಲ್ಲಿ ಕೇಳಿದ ಒಂದು ಪದ್ಯವನ್ನು ಅರ್ಥ ತಿಳಿಯದೆ ಮೇಕೆಗಳಿಗೆ ಕೂಗಿ ಹೇಳುತ್ತಾನೆ. ಮೇಕೆಗಳೆಲ್ಲ ಬಂದು ಅವನನ್ನು ಒತ್ತಿಕೊಂಡು ನಿಲ್ಲುತ್ತವೆ, ಬಿಡುವುದೇ ಇಲ್ಲ. ಅವನು ಓಡಿದರೆ ಅವೂ ಓಡುತ್ತವೆ. ಕೊನೆಗೆ ಚಿಕ್ಕಮ್ಮ ಬಂದು ಬಿಡಿಸಬೇಕು. ಮೊದಲ ಸಲ ನಕ್ಕಿದ್ದೆ. ಈ ಸಲ ನಗು ಬರಲಿಲ್ಲ. ಕರೆಯುವುದು ಗೊತ್ತು, ಕಳಿಸುವುದು ಗೊತ್ತಿಲ್ಲ. ಮುಂದೆ ಅವನು ಕರೆಯುವ ಆ ನೆರಳೂ ಹೀಗೆಯೇ ಬೆನ್ನು ಬೀಳುತ್ತದಲ್ಲ! ಇಡೀ ಕಾದಂಬರಿಯನ್ನು ಆಕೆ ಮೇಕೆಗಳ ಕೈಯಲ್ಲಿ ಮೊದಲೇ ಆಡಿಸಿಬಿಟ್ಟಿದ್ದಾರೆ. ಸಾವಿರ ಪುಟ ಬರೆಯುವವರು ಇದನ್ನು ನೋಡಿ ಕಲಿಯಬೇಕು.

ಒಂದೇ ಒಂದು ಪುಸ್ತಕವನ್ನು ಎರಡನೇ ಸಲ ಶುರು ಮಾಡಲಾಗದೆ ಮುಂದಕ್ಕೆ ಹೋದೆ. ರಾಬಿನ್ ಹಾಬ್‌ರ 'ಅಸಾಸಿನ್ಸ್ ಅಪ್ರೆಂಟಿಸ್' (1995). ಅದರ ಶುರುವಿನಲ್ಲಿ ಒಂದು ನಾಯಿಮರಿ ಇದೆ, ಅದರ ಕಥೆಯನ್ನು ಇನ್ನೊಮ್ಮೆ ಓದುವಷ್ಟು ಗಟ್ಟಿ ಎದೆ ನನಗಿಲ್ಲ. ಓದಿದವರು ಕ್ಷಮಿಸುತ್ತಾರೆ.

ಈಗ ಮೇಜಿನ ಮೇಲಿರುವುದು ಸುಸಾನಾ ಕ್ಲಾರ್ಕ್‌ರ 'ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನೊರೆಲ್' (2004). ಆಕೆಯ 'ಪಿರನೇಸಿ' (2020) ಒಂದೇ ವಾರದಲ್ಲಿ ಎರಡು ಸಲ ಓದಿದ್ದೆ, ಆ ಧೈರ್ಯದ ಮೇಲೆ ತಂದಿದ್ದು. ಇದರಲ್ಲಿ ಅಡಿಟಿಪ್ಪಣಿಗಳದೇ ಒಂದು ಬೇರೆ ಲೋಕ, ಕೆಲವು ಪುಟದಿಂದ ಪುಟಕ್ಕೆ ಹರಿಯುತ್ತವೆ. ಮೊದಲ ಸುತ್ತಿನಲ್ಲಿ ಅವನ್ನೂ ಓದಬೇಕಾ, ಬಿಡಬೇಕಾ ಅನ್ನುವುದು ತೀರ್ಮಾನ ಆಗಿಲ್ಲ. ಅರ್ಧ ಓದಿದೆ, ಅರ್ಧ ಬಿಟ್ಟೆ. ಚರ್ಚಿನ ಕಲ್ಲಿನ ಮೂರ್ತಿಗಳು ಬಾಯಿ ತೆಗೆದು ಮಾತಾಡುವ ಜಾಗ ದಾಟಿ, 100ಕ್ಕೆ ಸರಿಯಾಗಿ ಮುಚ್ಚಿಟ್ಟೆ. ಇವತ್ತಿಗೆ ಐದನೇ ದಿನ. ನಿನ್ನೆ ತಮ್ಮ ಬಂದಿದ್ದ. "ಅಕ್ಕ, ನೀನು ಹೇಗೂ ಇನ್ನೂ ಐದು ದಿನ ಮುಟ್ಟಲ್ಲ ಅಲ್ವಾ?" ಅಂತ ಕೇಳಿ ಪುಸ್ತಕ ಎತ್ತಿಕೊಂಡು ಹೋದ. 100ನೇ ಪುಟಕ್ಕೆ ನಿಲ್ಲಿಸು ಅಂತ ಹೇಳಿ ಕಳಿಸಿದ್ದೇನೆ.