ರಾಮದೇವರಬೆಟ್ಟದ ರಣಹದ್ದು: ಗೂಡಿನ ಲೆಕ್ಕ, ಕೊಟ್ಟಿಗೆಯ ಲೆಕ್ಕ

ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ರಾಮನಗರದ ಈ ಬೆಟ್ಟದಲ್ಲಿ ಇರುವುದೇ ಕೆಲವು ಹಕ್ಕಿಗಳಾದ್ದರಿಂದ ಒಂದು ಗೂಡು ತಪ್ಪಿದರೂ ಆ ವರ್ಷದ ಲೆಕ್ಕ ಕೆಡುತ್ತದೆ.

ಇವು ಗೂಡು ಕಟ್ಟುವುದು ಕಡಿದಾದ ಬಂಡೆಯ ಚಾಚುಗಳಲ್ಲಿ, ಅಂದರೆ ಹೊರಚಾಚಿದ ಅಂಚುಗಳಲ್ಲಿ. ಗೂಡು ಎಣಿಸಲು ಮೊದಲು ಬಂಡೆಯ ಮುಖದ ಫೋಟೊ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪ್ರತಿ ಚಾಚಿಗೂ ನಂಬರು ಕೊಡುತ್ತೇನೆ. 20–60 ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು (ಸ್ಪಾಟಿಂಗ್ ಸ್ಕೋಪ್), ಭಾರದ ಟ್ರೈಪಾಡ್, 300 ಮೀಟರಿಗೆ ಕಡಿಮೆಯಿಲ್ಲದ ದೂರ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ 7ರಿಂದ 10. ಹೊತ್ತೇರಿದರೆ ಬಂಡೆಯ ಝಳಕ್ಕೆ ಸ್ಕೋಪಿನಲ್ಲಿ ಎಲ್ಲವೂ ನಡುಗುತ್ತದೆ. ಬಂಡೆಯಲ್ಲಿ ಹೆಜ್ಜೇನೂ ಇರುತ್ತದೆ; ಸೆಂಟು, ಹೊಗೆ ಎರಡೂ ಬೇಡ.

ಬಿಳಿ ಹಿಕ್ಕೆಯ ಗೆರೆ ಕಂಡ ಕೂಡಲೇ ಗೂಡು ಎಂದು ಬರೆಯಬಾರದು. ಬರೀ ಕೂರುವ ಜಾಗದಲ್ಲೂ ಆ ಗೆರೆ ಇರುತ್ತದೆ. ಅದೇ ಚಾಚಿನಲ್ಲಿ ಎರಡು ಭೇಟಿಯಲ್ಲೂ ಹಕ್ಕಿ ಮೈ ಅದುಮಿ ಕೂತಿದ್ದರೆ ಮಾತ್ರ ‘ಕಾವು’ ಎಂದು ಗುರುತು ಹಾಕುತ್ತೇನೆ. ಕಾವು ಸುಮಾರು 50 ದಿನ. ಗಂಡು ಹೆಣ್ಣು ಸರದಿಯಲ್ಲಿ ಕೂರುತ್ತವೆ. ಆ ಅವಧಿಯಲ್ಲಿ ಗೂಡು ಬಹಳ ಹೊತ್ತು ಬರಿದಾಗಿ ಕಂಡರೆ ಏನೋ ಎಡವಟ್ಟಾಗಿದೆ.

ಎಣಿಕೆಯಿಂದಷ್ಟೇ ಹಕ್ಕಿ ಉಳಿಯುವುದಿಲ್ಲ, ಅದರ ಅಳಿವು ಉಳಿವು ತೀರ್ಮಾನವಾಗುವುದು ದನದ ಕೊಟ್ಟಿಗೆಯಲ್ಲಿ. ನೋವಿಗೆಂದು ಡೈಕ್ಲೋಫೆನಾಕ್ ಚುಚ್ಚಿಸಿಕೊಂಡ ದನ ಒಂದೆರಡು ದಿನದಲ್ಲಿ ಸತ್ತರೆ ಮದ್ದು ಹೆಣದಲ್ಲೇ ಉಳಿಯುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೈಕೊಟ್ಟು, ಯೂರಿಕ್ ಆಮ್ಲ ಸುಣ್ಣ ಬಳಿದಂತೆ ಒಳಗಿನ ಅಂಗಗಳ ಮೇಲೆ ಕಟ್ಟಿಕೊಳ್ಳುತ್ತದೆ. ನೂರರಲ್ಲಿ ಒಂದಕ್ಕಿಂತ ಕಡಿಮೆ ಹೆಣ ಹೀಗಿದ್ದರೂ ಸಂತತಿ ಕುಸಿಯಲು ಸಾಕು.

ದನಗಳಿಗೆ ಈ ಮದ್ದು 2006ರಿಂದ ನಿಷೇಧ. ಆದರೂ ಮನುಷ್ಯರ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಬರುತ್ತಿದ್ದವು. 2015ರಲ್ಲಿ ಅವನ್ನು 3 ಮಿಲಿಗೆ ಇಳಿಸಿದ್ದು ಅದಕ್ಕೇ. ಅಂಥವೇ ನೋವಿನ ಮದ್ದುಗಳಾದ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ದನಗಳಿಗೆ 2023ರಲ್ಲಿ ನಿಷೇಧವಾದವು. ಹಾಗಾಗಿ ಕೊಟ್ಟಿಗೆಯ ಸೂರು, ತಿಪ್ಪೆಯ ಅಂಚಿನಲ್ಲಿ ಬಿದ್ದ ಖಾಲಿ ಬಾಟಲಿಗಳನ್ನು ನೋಡುತ್ತೇನೆ. ಓದಬೇಕಾದ್ದು ದೊಡ್ಡಕ್ಷರದ ಬ್ರಾಂಡ್ ಹೆಸರಲ್ಲ, ಕೆಳಗೆ ಸಣ್ಣಕ್ಷರದಲ್ಲಿರುವ ಮದ್ದಿನ ಹೆಸರು. ಸಿಕ್ಕರೆ ಮನೆಯವರನ್ನು ದೂರಬೇಡಿ, ಅವರಿಗೆ ಬೇಕಿದ್ದುದು ದನದ ನೋವು ಇಳಿಯುವುದಷ್ಟೇ. “ಯಜಮಾನ್ರೇ, ಮೆಲಾಕ್ಸಿಕ್ಯಾಮ್ ಕೊಡೋಕಾಗುತ್ತಾ ಅಂತ ಡಾಕ್ಟರನ್ನ ಕೇಳಿ” ಎಂದರೆ ಒಪ್ಪುತ್ತಾರೆ. ಆ ನೋವಿನ ಮದ್ದು ರಣಹದ್ದಿಗೆ ಸುರಕ್ಷಿತ.

ಯಾವ ಮದ್ದೆಂದು ಗೊತ್ತಿಲ್ಲದೆ ಚುಚ್ಚಿಸಿದ ದನ ಸತ್ತರೆ ಬಯಲಿಗೆ ಎಸೆಯದೆ ಹೂಳಿಸುತ್ತೇನೆ. ಮೇಲೆ ಮುಳ್ಳು ಹಾಸಿ ಕಲ್ಲು ಹೇರದಿದ್ದರೆ ರಾತ್ರಿಯೇ ನಾಯಿಗಳು ಕೆದಕಿ ಹೊರಗೆಳೆಯುತ್ತವೆ.